ಪಿಕಪ್ಪಿಗೆ ಹೊಸ ಕ್ರೋಮ್ ಪಟ್ಟಿ

ಅಮ್ಮನ ವರ್ಷದ ತಿಥಿ ಮುಗಿದ ಮಾರನೇ ದಿನ ಅಪ್ಪ ತಾವಾಗಿಯೇ ಬಾಯಿಬಿಟ್ಟರು. "ಪಿಕಪ್ಪಿನ ಬಾಗಿಲ ಮೇಲಿನ ಕ್ರೋಮ್ ಪಟ್ಟಿ ಹಾಳಾಗಿದೆ. ಹೊಸದು ಎಲ್ಲಾದ್ರೂ ಸಿಗ್ತದಾ ನೋಡೋ."

ನನಗೆ ಅಳುವಷ್ಟು ಖುಷಿಯಾಯಿತು. ಅಮ್ಮ ಹೋದಮೇಲೆ ಅವರು ಆ ಗಾಡಿಯ ಬಾಗಿಲನ್ನೂ ತೆಗೆದಿರಲಿಲ್ಲ. ಒಂದು ಕಾಲದಲ್ಲಿ ರಾಯಲ್ಪಾಡಿನಿಂದ ಮುಳಬಾಗಿಲ ಮಂಡಿಗೆ ಟೊಮ್ಯಾಟೊ ಹೊತ್ತ ಗಾಡಿ ಶೆಡ್ಡಿನಲ್ಲಿ ಕೋಳಿಗಳ ಪಾಲಾಗಿತ್ತು. ಬ್ಯಾಟರಿ ಸಾಯದಿರಲೆಂದು ನಾನೇ ಆಗಾಗ ಸ್ಟಾರ್ಟ್ ಮಾಡಿ ಇಡುತ್ತಿದ್ದೆ. ಅಪ್ಪ ಮತ್ತೆ ಸ್ಟೀರಿಂಗ್ ಹಿಡಿಯಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಕಂಪನಿಯವರು ಆ ಮಾಡೆಲ್ಲನ್ನು ಯಾವತ್ತೋ ಮರೆತಿದ್ದರು. ಕೊನೆಗೆ ಬೆಂಗಳೂರಿನಲ್ಲಿ ಹಳೆಯದರ ಅಳತೆಗೆ ಹೊಸದು ಮಾಡುವವರು ಸಿಕ್ಕಿದರು. ಆ ಉದ್ದನೆಯ ಪಟ್ಟಿಗಳನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕಂಡಕಂಡವರ ಬೈಗುಳ ತಿಂದು ಊರಿಗೆ ತಂದೆ.

ತಂದರೆ ಕೂರಬೇಕಲ್ಲ! ಪಟ್ಟಿ ನೆಟ್ಟಗಿತ್ತು, ನಮ್ಮ ಗಾಡಿಯ ಬಾಗಿಲು ನೆಟ್ಟಗಿರಲಿಲ್ಲ. ಎಷ್ಟೋ ಸಲ ಗುದ್ದಿಸಿಕೊಂಡು, ಎಷ್ಟೋ ಸಲ ಬಡಿಸಿಕೊಂಡ ತಗಡು ಅದು. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತಿತ್ತು. ಎರಡು ಕ್ಲಿಪ್ ಮುರಿದು ನಾನು ಪಟ್ಟಿ ಮಾಡಿದವನ ವಂಶವನ್ನೆಲ್ಲ ಬೈದೆ. ಆಮೇಲೆ ಮುಳಬಾಗಿಲಿಂದ ಟಿಂಕರಿಂಗ್ ಮೇಸ್ತ್ರಿಯನ್ನು ಕರೆಸಿದೆವು.

ನಾನು ಬಿಚ್ಚಿಟ್ಟಿದ್ದ ಹಳೇ ಪಟ್ಟಿಯನ್ನು ಮೇಸ್ತ್ರಿ ಬಿಸಿಲಿಗೆ ಹಿಡಿದು ನೋಡಿದರು. ಹೊಳಪೆಲ್ಲ ಸವೆದು ಒಳಗಿನ ಲೋಹ ಕಾಣುತ್ತಿತ್ತು.

"ಇದು ತುಕ್ಕಲ್ಲ ಸ್ವಾಮಿ. ಯಾರೋ ಚೆನ್ನಾಗಿ ಉಜ್ಜಿಬಿಟ್ಟವ್ರೆ."

"ನಮ್ಮನೆಯೋಳು ಕಣಪ್ಪಾ," ಎಂದರು ಅಪ್ಪ. "ಆಯುಧಪೂಜೆ ಬಂದ್ರೆ ಸಾಕು. ಹುಣಸೆಹಣ್ಣು, ಬೂದಿ ತಗೊಂಡು ದೇವರ ದೀಪ ಬೆಳಗಿದಂಗೆ ಬೆಳಗೋಳು."

"ಅಯ್ಯೋ, ಕ್ರೋಮನ್ನ ಹಂಗೆ ಉಜ್ತಾರಾ? ಬೇಡ ಅನ್ನಬಾರದಿತ್ತಾ?"

"ಅಷ್ಟು ಆಸೆಯಿಂದ ಉಜ್ಜೋಳಿಗೆ ಏನಂತ ಹೇಳೋದು?"

ಗಾಡಿಗೆ ನಾನು ಒರಗಿ ನಿಂತರೂ ಗದರುತ್ತಿದ್ದ ಮನುಷ್ಯ ಇವರು. ಅವರ ಮುಖ ನೋಡಲಾರದೆ ನಾನು ಕ್ಲಿಪ್ ಹುಡುಕುವವನಂತೆ ಬಗ್ಗಿದೆ.

ಮೇಸ್ತ್ರಿ ಪಟ್ಟಿಯನ್ನು ಮೊಣಕಾಲಿಗೆ ಕೊಟ್ಟು, ಬಾಗಿಲಿನ ಸೊಟ್ಟಕ್ಕೆ ತಕ್ಕಂತೆ ಹದವಾಗಿ ಬಗ್ಗಿಸಿ ಕೂರಿಸಿದರು. ಹಳೇ ಗಾಡಿ ಮದುವೆಗೆ ಹೊರಟಂತೆ ಕಂಡಿತು.

ಮರುದಿನ ಬೆಳಿಗ್ಗೆ ನಾನು ಬೀಗದ ಕೈ ತಂದು ಅಪ್ಪನ ಮುಂದೆ ಹಿಡಿದೆ. "ಮುಳಬಾಗಿಲ ತನಕ ಒಂದು ರೌಂಡು ಹೋಗಿ ಬರೋಣ ನಡೀರಿ." ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತರು. ಮಂಡಿಗೆ ಹೋಗುವಾಗ ಅಮ್ಮ ಕೂರುತ್ತಿದ್ದ ಜಾಗ.

"ನೀನೇ ಓಡ್ಸು. ನನ್ನ ಕೈಯಲ್ಲಿ ಆಗಲ್ಲ."

ಸ್ಟೀರಿಂಗ್ ಹಿಂದೆ ನಾನೇ ಹತ್ತಿ ಕೂತೆ. ಗಾಡಿ ಹೊರಡಿಸಿದೆ. ಊರು ದಾಟಿದ ಮೇಲೆ ಬಿಸಿಲು ಎಡಗಡೆಯ ಕಿಟಕಿಯಿಂದ ನೇರ ಅಪ್ಪನ ಮುಖಕ್ಕೇ ಹೊಡೆಯತೊಡಗಿತು. ಅವರು ಕೈ ಅಡ್ಡ ಹಿಡಿದರು, ಟವೆಲ್ ಎಳೆದುಕೊಂಡರು, ಕುತ್ತಿಗೆ ತಿರುಗಿಸಿದರು. ಎಲ್ಲಿ ತಿರುಗಿದರೂ ತಪ್ಪಲಿಲ್ಲ.

"ಈ ಬಿಸಿಲಲ್ಲೇ ಕೂತು ಬರ್ತಿದ್ಲೇನೋ?" ಎಂದರು. "ಒಂದು ದಿನಾನಾದ್ರೂ ಹೇಳಬಾರದಿತ್ತಾ ಅವಳು?"

ಟವೆಲ್ಲನ್ನು ಮುಖದಿಂದ ತೆಗೆದು ಮಡಿಲಿಗೆ ಹಾಕಿಕೊಂಡು, ಮುಳಬಾಗಿಲು ಬರುವವರೆಗೂ ಆ ಬಿಸಿಲಿಗೆ ಮುಖ ಕೊಟ್ಟೇ ಕೂತಿದ್ದರು.