ಸೆಂಟರ್ ಜಾಗಕ್ಕೆ ಕೇಳಿದ ಕ್ಷಮೆ

ನಮ್ಮ ಸಕ್ಕರೆ ಕಾರ್ಖಾನೆಗೆ ಎರಡು ಹಂಗಾಮುಗಳಿದ್ದವು. ಒಂದು ಕಬ್ಬು ನುರಿಸುವುದು, ಅದು ಊರಿಗೆಲ್ಲ ಗೊತ್ತು. ಇನ್ನೊಂದು ಬಾಸ್ಕೆಟ್‌ಬಾಲ್, ಅದು ನಮಗಷ್ಟೇ ಗೊತ್ತು. ಮಳೆ ಹಿಂದೆ ಸರಿದ ಮೇಲೆ, ಬಾಯ್ಲರಿಗೆ ಬೆಂಕಿ ಹಾಕುವುದರೊಳಗೆ ನಮ್ಮ ಆಟ ಮುಗಿಯಬೇಕು. ಯಾಕೆಂದರೆ ಕೋರ್ಟ್ ಇದ್ದದ್ದೇ ಕಬ್ಬಿನ ಗಾಡಿಗಳು ನಿಲ್ಲುವ ಅಂಗಳದ ಮೂಲೆಯಲ್ಲಿ. ಕಬ್ಬು ಕಡಿಯುವವರ ಗಾಡಿಗಳು ಬಂದವೆಂದರೆ ರಿಂಗಿನ ಕಂಬಕ್ಕೆ ಎತ್ತು ಕಟ್ಟುತ್ತಿದ್ದರು, ನಾವು ಬನಿಯನ್ ಮಡಚಿಟ್ಟು ಪಾಳಿಗೆ ಹೋಗುತ್ತಿದ್ದೆವು.

ನನ್ನನ್ನು ಪಾಲಬಾವಿಯಿಂದ ಕರೆದು ಕೆಲಸ ಕೊಟ್ಟದ್ದು ನನ್ನ ಎತ್ತರ ನೋಡಿ. ಓದಿಗಲ್ಲ, ಬುದ್ಧಿಗಂತೂ ಅಲ್ಲವೇ ಅಲ್ಲ. "ಬುಟ್ಟಿಯೊಳಗ ಚೆಂಡ ಒಗದ್ರ ಪಗಾರ ಕೊಡ್ತಾರಂತ, ಏನ್ ಕಾಲ ಬಂತೋ ಯಪ್ಪಾ" ಎಂದು ನಮ್ಮಪ್ಪ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ನಕ್ಕರೂ ಒಳಗೊಳಗೆ ಅವನಿಗೆ ಭಾರಿ ಹೆಮ್ಮೆ. ನಾನು ಸೆಂಟರ್. ರಿಂಗಿನ ಕೆಳಗೆ ನಿಂತು, ಎದುರಾಳಿಗೆ ಬೆನ್ನು ಕೊಟ್ಟು ತಡೆದು, ಬಿದ್ದ ಚೆಂಡನ್ನು ಕಿತ್ತುಕೊಳ್ಳುವವನು. ಮೈಯೆಲ್ಲ ಗುದ್ದು ತಿನ್ನುವ ಕೆಲಸ. ಆದರೆ ಅಥಣಿಯವರ ಜೊತೆ ಆಡುವಾಗ "ಆ ಸೆಂಟರ್ ನನ್ಮಗನ್ನ ಮೊದಲ ತಡೀರ್ಲೇ" ಎಂದು ಅವರು ಕೂಗಿದರೆ ನನಗೆ ಒಂದು ಗೇಣು ಎತ್ತರ ಹೆಚ್ಚಾದ ಹಾಗೆ ಅನ್ನಿಸುತ್ತಿತ್ತು.

ಆಟ ಕಲಿಸುತ್ತಿದ್ದವರು ಕಾಗವಾಡ ಕಡೆಯ ಜೈನ ಮನೆತನದ ನಿವೃತ್ತ ಮಾಸ್ತರರು. ತೆಳ್ಳಗಿನ ಮೈ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೊರಳಲ್ಲಿ ಸೀಟಿ. ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುವವರಲ್ಲ. ಹೀಗಾಗಿ ಸೂರ್ಯ ಚಿಮಣಿಯ ಹಿಂದೆ ಇಳಿಯುವಾಗ ಪಂದ್ಯ ಎಷ್ಟೇ ಜೋರಿನಲ್ಲಿರಲಿ, ಸೀಟಿ ಊದಿ ನಿಲ್ಲಿಸಿ, ಕಟ್ಟೆಯ ಮೇಲೆ ಕುಳಿತು ಡಬ್ಬಿ ಬಿಚ್ಚುತ್ತಿದ್ದರು. "ಮಾಸ್ತರ್ರ, ಇನ್ನ ಎರಡ ಪಾಯಿಂಟ್ ಅದಾವ್ರಿ" ಎಂದು ನಾವು ಗೋಗರೆದರೆ, "ಪಾಯಿಂಟ್ ನಾಳಿಗೂ ಇರ್ತಾವ, ಸೂರ್ಯ ಇರೂದಿಲ್ಲ" ಎಂದು ರೊಟ್ಟಿ ಮುರಿಯುತ್ತಿದ್ದರು. ಸಿಟ್ಟು ಬರುತ್ತಿತ್ತು. ಈಗ ನೆನೆಸಿಕೊಂಡರೆ ಆ ಹೊತ್ತಿನ ಬೆಳಕು, ಬೆವರು ಆರುವಾಗಿನ ಗಾಳಿ, ಕಾಕಂಬಿಯ ಹುಳಿವಾಸನೆ, ಎಲ್ಲ ಬೇಕು ಅನ್ನಿಸುತ್ತದೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಆ ವರ್ಷ ಸೆಂಟರ್ ಜಾಗಕ್ಕೆ ನಾವು ಮೂವರಾದೆವು. ಮೊದಲನೆಯವನು ನಾನು, ಮೂವತ್ತು ದಾಟಿದವನು. ಎಡ ಮೊಣಕಾಲು ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತಿತ್ತು. ಅದು ನನಗೂ ನನ್ನ ಹೆಂಡತಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದು ತಿಳಿದುಕೊಂಡಿದ್ದೆ. ಎರಡನೆಯವನು ಬಾಯ್ಲರ್ ಮನೆಯ ಫಿಟ್ಟರ್. ಗೋಡೆಯಂಥ ಆಳು, ಆದರೆ ಅರ್ಧ ಆಟ ಆಗುವುದರೊಳಗೆ ಫೌಲು ಮಾಡಿ ಮಾಡಿ ಹೊರಗೆ ಬಂದು ಕೂಡುತ್ತಿದ್ದ. ಮೂರನೆಯವನು ಭೋಜ ಎಂಬ ಊರಿನಿಂದ ಬಂದು ಹೊಸದಾಗಿ ಸೇರಿದವನು. ನನಗಿಂತ ಎತ್ತರ, ಗಳದ ಹಾಗೆ ಸಪೂರ, ಜಿಗಿದರೆ ಕೆಳಗೆ ಬರುವುದನ್ನೇ ಮರೆತ ಹಾಗೆ ಮೇಲೆಯೇ ಇರುತ್ತಿದ್ದ. ಅವನು ವಾಲಿಬಾಲ್ ಆಡಿ ಬೆಳೆದವನಾದ್ದರಿಂದ ಚೆಂಡು ಕೈಗೆ ಬಂದರೆ ಹಿಡಿಯದೆ ಫಟ್ ಎಂದು ಹೊಡೆದುಬಿಡುತ್ತಿದ್ದ. "ಲೇ, ನಡುವ ನೆಟ್ ಎಲ್ಲೈತೋ? ಹಿಡೀಲೇ ಅದನ್ನ!" ಎಂದು ನಾನು ಒದರುತ್ತಿದ್ದೆ. "ಆತ್ರಿ ದಾದಾ" ಎಂದು ನಕ್ಕು ಮತ್ತೆ ಹೊಡೆಯುತ್ತಿದ್ದ. ಒಳಗೆ ನನಗೆ ಸಮಾಧಾನ. ಇವನು ಕಲಿಯುವ ಹೊತ್ತಿಗೆ ನನಗೆ ಇನ್ನೊಂದು ಹಂಗಾಮು ಗ್ಯಾರಂಟಿ ಎಂದು ಲೆಕ್ಕ ಹಾಕಿದ್ದೆ. ಅದೊಂದೇ ನನಗೆ ಬೇಕಾಗಿತ್ತು. ಇನ್ನೊಂದು ವರ್ಷ ಆಡಬೇಕು, ಅಥಣಿಯವರ ಬಾಯಿಂದ ಇನ್ನೊಮ್ಮೆ ಬೈಸಿಕೊಳ್ಳಬೇಕು, ಆಮೇಲೆ ನಾನಾಗಿಯೇ ಬಿಡಬೇಕು.

ಪರೀಕ್ಷೆ ನಡೆದದ್ದು ಭಾದ್ರಪದದಲ್ಲಿ, ಜೈನರ ದಶಲಕ್ಷಣ ಪರ್ವದ ದಿನಗಳಲ್ಲಿ. ಮಾಸ್ತರರು ಆಗ ಒಂದೇ ಹೊತ್ತು ಉಣ್ಣುತ್ತಿದ್ದರು, ಅದೂ ಮುಂಜಾನೆಯೇ ಮುಗಿದಿರುತ್ತಿತ್ತು. ಸಂಜೆ ಡಬ್ಬಿ ಇಲ್ಲ, ಅವಸರವಿಲ್ಲ. ಕಟ್ಟೆಯ ಮೇಲೆ ಅಲುಗಾಡದೆ ಕುಳಿತು ನಮ್ಮ ಮೂವರನ್ನೇ ನೋಡುತ್ತಿದ್ದರು. ನಾನು ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿ, ಮೇಲೆ ಉದ್ದ ಪ್ಯಾಂಟು ಹಾಕಿ ಆಡಿದೆ. ಬೆನ್ನು ಕೊಟ್ಟು ಫಿಟ್ಟರನನ್ನೇ ಸರಿಸಿದೆ. ಹೊಸಬನ ತಲೆಯ ಮೇಲಿಂದ ಚೆಂಡು ಕಿತ್ತೆ. ಕೊನೆಗೆ ಮಾಸ್ತರರು ಚೆಂಡನ್ನು ದೂರ, ಕಬ್ಬಿನ ಗಾಡಿ ತೂಗುವ ತೂಕಕಾಟೆಯ ಕಡೆ ಉರುಳಿಸಿ, "ಮೂರೂ ಮಂದಿ ಓಡಿ ತಗೊಂಡ ಬರ್ರಿ" ಎಂದರು. ಇದೇನು ಹುಡುಗಾಟ ಎಂದುಕೊಂಡೆ. ಮೊದಲು ತಲುಪಿದವನು ಹೊಸಬ. ನಾನು ಕೊನೆಯವನಾದೆ, ಅದಕ್ಕೂ ನಕ್ಕೆ. ಮಾಸ್ತರರು ನಗಲಿಲ್ಲ.

ಪರ್ವ ಮುಗಿದ ಮೇಲೆ ಅವರಲ್ಲಿ ಕ್ಷಮಾವಾಣಿ ಎಂದು ಮಾಡುತ್ತಾರೆ. ವರ್ಷದೊಳಗೆ ಆದ ತಪ್ಪುಗಳಿಗೆ ಬಂಧುಗಳಲ್ಲಿ, ನೆರೆಯವರಲ್ಲಿ, ಕೂಡಿ ಕೆಲಸ ಮಾಡುವವರಲ್ಲಿ ಕ್ಷಮೆ ಕೇಳುವ ದಿನ. ಆ ಮುಂಜಾನೆ ಮಾಸ್ತರರು ಕಾಲೊನಿಯ ನಮ್ಮ ಮನೆಗೂ ಬಂದರು. ನಾನು ಚಹಾ ಕುಡಿಯುತ್ತ ಬಾಗಿಲಲ್ಲೇ ಕುಳಿತಿದ್ದೆ. ನನಗಿಂತ ಅಷ್ಟು ಹಿರಿಯರು, ಎರಡೂ ಕೈ ಜೋಡಿಸಿ ನಿಂತರು.

"ತಮ್ಮಾ, ತಿಳದ, ತಿಳೀದ, ನನ್ನಿಂದ ನಿನ್ನ ಮನಸಿಗಿ ನೋವಾಗಿದ್ರ ಕ್ಷಮಾ ಮಾಡು."

"ಅಯ್ಯ, ಏನ್ರಿ ಮಾಸ್ತರ್ರ! ಮಾಡೇನ್ರಿ, ಎಲ್ಲಾ ಮಾಡೇನಿ. ಒಳಗ ಬರ್ರಿ" ಎಂದು ಗಡಬಡಿಸಿ ಎದ್ದೆ. ಪ್ರತಿವರ್ಷ ಬರುವವರೇ, ಪ್ರತಿವರ್ಷ ಹೇಳುವ ಮಾತೇ. ಅವರು ಒಳಗೆ ಬರಲಿಲ್ಲ. "ಖರೇ ಮಾಡಿದಿ ಅಲಾ?" ಎಂದು ಇನ್ನೊಮ್ಮೆ ಕೇಳಿದರು. "ಖರೇನ ಮಾಡೇನ್ರಿ" ಎಂದೆ. ಸಾವಕಾಶ ನಡೆದು ಹೋದರು.

ಮರುದಿನ ಸಂಜೆ ಕೋರ್ಟಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಹೆಸರು ಹೇಳಿದರು. ಸೆಂಟರ್, ಭೋಜದವನು. ಅವನಿಗೆ ಆಸರೆಯಾಗಿ ಫಿಟ್ಟರ್. ನನ್ನ ಕಡೆ ತಿರುಗಿ, "ಇವಗ ಚೆಂಡ ಹಿಡಿಯೂದು, ಬೆನ್ನ ಕೊಡೂದು ಕಲಸೂದು ನಿನ್ನ ಕೆಲಸ" ಎಂದರು.

ನನ್ನ ಸಿಟ್ಟು ಎಂಥದೆಂದು ರಾಯಬಾಗ ಸ್ಟೇಶನ್ನಿನ ಹಮಾಲರನ್ನು ಕೇಳಿದರೂ ಹೇಳುತ್ತಾರೆ. ಬಾಯಿ ತೆರೆದೆ. ಹಾಗೇ ಮುಚ್ಚಿದೆ. ನಿನ್ನೆಯಷ್ಟೇ ಕ್ಷಮಿಸಿದ್ದೇನೆ, ಎರಡು ಸಲ, ಖರೇ ಎಂದು ಬೇರೆ ಹೇಳಿದ್ದೇನೆ. ಹಾಳಾದ್ದು, ಯಾವ ಬಾಯಿಂದ ಬೈಯಲಿ? ಮನೆಗೆ ಬಂದು ಬೂಟು ಮೂಲೆಗೆ ಎಸೆದು ಹೆಂಡತಿಗೆ ಹೇಳಿದರೆ ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಭಲೇ ಮಾಸ್ತರ್ರು! ನಿಮ್ಮ ಬಾಯಿ ಮೊದಲ ಹೊಲದ, ಆಮ್ಯಾಲ ಹೆಸರ ಹೇಳ್ಯಾರ." ಆಮೇಲೆ ಅವಳ ನಗು ನಿಂತಿತು. ನನ್ನ ಮೊಣಕಾಲಿನ ಪಟ್ಟಿ ಬಿಚ್ಚುತ್ತ, "ಎಷ್ಟರೆ ಬಾತೈತಿ ನೋಡ್ರಿ" ಎಂದಳು.

ಅದಕ್ಕೂ ನಾನು ತಣ್ಣಗಾಗಲಿಲ್ಲ. ಮರುದಿನ ಸಂಜೆ ಮಾಸ್ತರರ ಮನೆಗೇ ಹೋದೆ. ಅವರು ಪಡಸಾಲೆಯಲ್ಲಿ ತಾಟಿನ ಮುಂದೆ ಕುಳಿತಿದ್ದರು.

"ಮಾಸ್ತರ್ರ, ನಾ ಕೊಟ್ಟ ಕ್ಷಮಾ ನನಗ ವಾಪಸ್ ಕೊಡ್ರಿ."

ಅವರು ತಲೆ ಎತ್ತಿದರು. "ಕೂಡು. ಹೊತ್ತ ಮುಳುಗಾಕ ಬಂತು, ಮೊದಲ ಊಟ ಮಾಡು."

"ಊಟ ಬ್ಯಾಡ್ರಿ. ಹಿಂಗ ಮೋಸ ಮಾಡಬಾರದಿತ್ತ ನೀವು."

"ಮೋಸ ಅಲ್ಲೋ ತಮ್ಮಾ. ಹೆಸರ ಹೇಳಿದ ಮ್ಯಾಲ ಬಂದಿದ್ರ ನೀ ಬಾಗಲಾ ತಗೀತಿದ್ದೇನು?" ಎಂದರು. ತಾಟು ಬದಿಗೆ ಸರಿಸಿ, "ಎಲ್ಲಾರ ಮನೀಗಿ ಸೀದಾ ಹೋಗಿದ್ನಿ. ನಿನ್ನ ಮನೀತನಕ ಎರಡ ಸಲ ಬಂದ ಹೊಳ್ಳಿ ಹೋಗಿದ್ನಿ. ಉಳದಾವು ಎಲ್ಲಾ ತಿಳೀದ ಮಾಡಿದ ತಪ್ಪು. ಇದೊಂದ ತಿಳದ ಮಾಡಾವ ಇದ್ನಿ" ಎಂದರು. ನನ್ನ ಮೊಣಕಾಲಿನ ವಿಷಯ ಅವರು ಎತ್ತಲೇ ಇಲ್ಲ. ತೂಕಕಾಟೆಯ ಕಡೆ ಚೆಂಡು ಯಾಕೆ ಉರುಳಿಸಿದ್ದರೆಂದು ನನಗೆ ಅಲ್ಲಿ, ಆ ಪಡಸಾಲೆಯಲ್ಲಿ, ತಿಳಿಯಿತು. ಕುಳಿತು ಉಂಡೆ. ಅಳು ಬರುತ್ತಿತ್ತು, ಆದರೂ ಉಂಡೆ. ಪಲ್ಯ ಚೆನ್ನಾಗಿತ್ತು.

ಆ ವರ್ಷ ಭೋಜದವನಿಗೆ ಕಲಿಸಿದೆ. ಮೊದಮೊದಲು ಬೈದು ಬೈದು ಕಲಿಸಿದೆ, ಆಮೇಲೆ ಬೈಯದೆಯೂ ಕಲಿಸಿದೆ. ಎರಡೂ ಕೈಗೆ ಚೆಂಡು ಕೊಟ್ಟು, ಅದನ್ನು ಅಪ್ಪಿಕೊಂಡು ನಿಲ್ಲು ಎನ್ನುತ್ತಿದ್ದೆ, "ಮಗು ಹಿಡದಂಗ ಹಿಡೀಲೇ". ನಿಪ್ಪಾಣಿಯ ಪಂದ್ಯದಲ್ಲಿ ಅಥಣಿಯವರು "ಆ ಸೆಂಟರ್ ನನ್ಮಗನ್ನ ತಡೀರ್ಲೇ" ಎಂದು ಕೂಗಿದರು. ಈ ಸಲ ಕೂಗಿದ್ದು ಅವನಿಗೆ. ನಾನು ಹೊರಗಿನ ಬಾಕಿನ ಮೇಲೆ ಕುಳಿತಿದ್ದೆ. ಎದೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಖುಷಿಯೂ ಆಯಿತು. ಬಾಯ್ಲರ್ ಹೊತ್ತಿಕೊಂಡಿತು, ಗಾಡಿಗಳು ಬಂದವು, ರಿಂಗಿನ ಕಂಬಕ್ಕೆ ಎತ್ತು ಕಟ್ಟಿದರು.

ಕೆಲವು ವರ್ಷಗಳ ಮೇಲೆ ಮಾಸ್ತರರು ತೀರಿಕೊಂಡರು. ಅವರ ಸೀಟಿ ನನ್ನ ಕೊರಳಿಗೆ ಬಂತು. ಭೋಜದವನು ನಮ್ಮ ಸೆಂಟರ್ ಆಗಿಯೇ ಇದ್ದ. ಮದುವೆ ಆದ, ಮಗಳು ಹುಟ್ಟಿದಳು, ಬೆನ್ನು ಹಿಡಿಯತೊಡಗಿತು. ಅವನೂ ಅಂಗಿಯೊಳಗೆ ಪಟ್ಟಿ ಬಿಗಿದುಕೊಂಡು ಬರುತ್ತಿದ್ದ, ನನಗೆ ಗೊತ್ತಿಲ್ಲ ಎಂದು ತಿಳಿದುಕೊಂಡಿದ್ದ. ಎರಡು ಸಾವಿರದ ಹದಿನೈದರ ಸುಮಾರಿಗೆ ಚಿಂಚಲಿಯಿಂದ ಇನ್ನೊಬ್ಬ ಎತ್ತರದವನು ಬಂದ. ನಾನು ಕಟ್ಟೆಯ ಮೇಲೆ ಕುಳಿತು ನೋಡಿದೆ. ಚೆಂಡನ್ನು ತೂಕಕಾಟೆಯ ಕಡೆ ಉರುಳಿಸಬೇಕಾದ ದಿನವೂ ಬಂತು. ಉರುಳಿಸಿದೆ.

ನಾನು ಜೈನನಲ್ಲ. ಆದರೂ ಕ್ಷಮಾವಾಣಿಯ ದಿನ ಜಳಕ ಮಾಡಿ, ತೊಳೆದ ಅಂಗಿ ಹಾಕಿಕೊಂಡು ಅವನ ಮನೆಯ ಕಡೆ ನಡೆದೆ. ಒಮ್ಮೆ ಹೋಗಿ ತಿರುಗಿ ಬಂದೆ. ಮತ್ತೆ ಹೋದೆ. ಅವನು ಮಗಳಿಗೆ ಜಡೆ ಹಾಕುತ್ತ ಬಾಗಿಲಲ್ಲೇ ಕುಳಿತಿದ್ದ. ನಾನು ಎರಡೂ ಕೈ ಜೋಡಿಸಿದೆ.

ಅವನು ನನ್ನ ಕೈಗಳನ್ನು ನೋಡಿದ. ಮಾಸ್ತರರ ಕಥೆಯನ್ನು ನಾನೇ ಅವನಿಗೆ ನೂರು ಸಲ ನಗುತ್ತ ಹೇಳಿದ್ದೆನಲ್ಲ.

"ದಾದಾ, ಆವತ್ತ ನೀವು ಮಾಸ್ತರ್ರಿಗಿ ಏನಂದಿದ್ರಿ?"

"ಮಾಡೇನ್ರಿ ಅಂದಿದ್ನೋ. ಏನಂತ ತಿಳೀದನ ಅಂದಿದ್ನಿ."

ಅವನು ಮಗಳ ಜಡೆಗೆ ರಿಬ್ಬನ್ ಕಟ್ಟಿ ಮುಗಿಸಿದ. ಬೆನ್ನಿಗೆ ಕೈ ಕೊಟ್ಟು ಮೆಲ್ಲಗೆ ಎದ್ದು ನಿಂತ.

"ನಾ ತಿಳದ ಅನ್ನಾಕತ್ತೇನ್ರಿ. ಮಾಡೇನಿ. ಒಳಗ ಬರ್ರಿ" ಎಂದ.

ಮಾಸ್ತರರ ಹಾಗೆ ಬಾಗಿಲಿಂದಲೇ ತಿರುಗಿ ಹೋಗಲು ನನಗಾಗಲಿಲ್ಲ. ಒಳಗೆ ಹೋದೆ.