ಬಿದ್ದವರ ಕುರ್ಚಿ

ನಡೆಯುವವರನ್ನು ಬೀಳಿಸುವುದು ನೆಲ. ಇದು ಗೊತ್ತಿದ್ದೂ ನಾವು ಹಣೆಬರಹವನ್ನೇ ಬೈಯುತ್ತೇವೆ. ಹಣೆಬರಹಕ್ಕೆ ಮಾಲೀಕನಿಲ್ಲವಲ್ಲ, ಜಗಳಕ್ಕೆ ಬರುವುದಿಲ್ಲ.

ಕೈರೋದ ಶುಬ್ರಾ ಬಡಾವಣೆಯಲ್ಲಿ, ನಮ್ಮ ಬೀದಿಯ ಫುಟ್‌ಪಾತಿಗೆ ಅಂಗಡಿಗೊಬ್ಬ ದೊರೆ. ಒಬ್ಬ ಸಿಮೆಂಟು ಬಳಿದ, ಪಕ್ಕದವನು ಬಚ್ಚಲಿನ ಟೈಲ್ಸ್ ಹಾಕಿದ, ಮೂರನೆಯವನು ಎರಡು ಮೆಟ್ಟಿಲು ಏರಿಸಿದ. ಕೆಳಗಿಳಿದು ನಡೆಯೋಣವೆಂದರೆ ಮಿನಿಬಸ್ಸುಗಳು ಮೈ ಉಜ್ಜಿಕೊಂಡೇ ಹೋಗುತ್ತವೆ. ಪರದೆ ಬಟ್ಟೆಯ ವ್ಯಾಪಾರಿ ಹಾಜಿ ಬಸ್ಯೂನಿ, ತೀರಿಹೋದ ತಂದೆಗೆ ಪುಣ್ಯ ಬರಲೆಂದು, ಕನ್ನಡಿಯಂಥ ಕರಿ ಅಮೃತಶಿಲೆಯನ್ನು ಇಳಿಜಾರಾಗಿ ಹಾಸಿಸಿದ. ದಿನಾ ಬೆಳಿಗ್ಗೆ ಅದಕ್ಕೆ ಸೋಪಿನ ನೀರಿನ ಸ್ನಾನ.

ಜನ ಬಿದ್ದರು. ಹಾಜಿ ಒಳ್ಳೆಯ ಮನುಷ್ಯ, ಬಿದ್ದವರನ್ನು ಬಿಟ್ಟವನಲ್ಲ. ಅವರಿಗೆಂದೇ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟ, ಒಂದು ಹೂಜಿ ಸಕ್ಕರೆ ನೀರು ಇಟ್ಟ. "ಬೆಟ್ಟದಂಥದ್ದು ಬರೋದಿತ್ತು, ಇಷ್ಟರಲ್ಲೇ ಕಳೀತು ಅನ್ಕೊಳ್ಳಿ" ಎಂದು ಬೆನ್ನು ಸವರುತ್ತಿದ್ದ. ಒಬ್ಬೊಬ್ಬರು ಬಿದ್ದಾಗಲೂ ಅವನ ಹೆಸರು ಒಂದು ಮೆಟ್ಟಿಲು ಏರುತ್ತಿತ್ತು. "ಬಿದ್ರೆ ಬಸ್ಯೂನಿ ಅಂಗಡಿ ಮುಂದೇನೇ ಬೀಳ್ಬೇಕು ಕಣಯ್ಯ" ಎಂದು ಕಾಫಿಯಂಗಡಿಯ ಮಹ್ರೂಸ್ ಹೇಳುತ್ತಿದ್ದ.

ಸನಿಯ್ಯಳೂ ಅಲ್ಲೇ ಬಿದ್ದಳು. ಮೂವತ್ತೊಂದು ವರ್ಷಗಳಿಂದ ಮನೆಮನೆಗೆ ನಡೆದು ಇಂಜೆಕ್ಷನ್ ಕೊಡುವ ಹೆಂಗಸು. ಸಕ್ಕರೆ ಕಾಯಿಲೆಯ ಮುದುಕರಿಗೆ ಅವಳ ಚಪ್ಪಲಿಯ ಸದ್ದೇ ಗಡಿಯಾರ. ಎಡ ಮಣಿಕಟ್ಟು ಮುರಿಯಿತು. ಸೂಜಿ ಚುಚ್ಚಲು ಒಂದು ಕೈ ಸಾಕು, ಚರ್ಮ ಹಿಡಿಯಲು ಇನ್ನೊಂದು ಬೇಕು. ಪ್ಲಾಸ್ಟರಿನ ಆರು ವಾರಗಳಲ್ಲಿ ಹದಿನೇಳು ಮನೆಗಳು ಆರಕ್ಕಿಳಿದವು. ಹಾಜಿ ಪ್ರತಿ ಶುಕ್ರವಾರ ಕಿತ್ತಳೆ ಕಳಿಸಿದ. ಅವಳು ಕಿತ್ತಳೆ ತಿಂದು ಒಂದೇ ಮಾತು ಕೇಳಿದಳು:

"ಹಾಜಿಯವ್ರೇ, ಆ ಕಲ್ಲಿಗೆ ಉಳಿ ಹೊಡ್ಸಿ ಒರಟು ಮಾಡ್ಸಿ."

"ಅಪ್ಪನ ಹೆಸರಲ್ಲಿ ಹಾಕ್ಸಿದ್ದು ಕಣಕ್ಕ ಅದು. ಅಪ್ಪನ ಮೇಲೆ ಉಳಿ ಹೊಡ್ಸಲಾ?"

ಬೀದಿಯೂ ಹೌದೆಂದಿತು. ಕಿತ್ತಳೆ ತಿಂದ ಬಾಯಿಗೆ ನಾಚಿಕೆ ಬೇಡವೇ?

ಪ್ಲಾಸ್ಟರು ಬಿಚ್ಚಿದ ಒಂಬತ್ತನೆಯ ದಿನ ಅದೇ ಕಲ್ಲಿನ ಮೇಲೆ ಸನಿಯ್ಯ ಮತ್ತೆ ಜಾರಿದಳು. ಈ ಸಲ ಮೂಳೆ ಮುರಿಯಲಿಲ್ಲ. ಕುಂಡೆಯ ಮೇಲೆ ಕೂತಂತೆ ಬಿದ್ದಳು, ಚೀಲದ ಸಿರಿಂಜುಗಳು ಚೆಲ್ಲಿದವು. ನೀಲಿ ಕುರ್ಚಿ ಓಡಿ ಬಂತು. ಸಕ್ಕರೆ ನೀರೂ ಬಂತು. ಅವಳು ಏಳಲಿಲ್ಲ.

"ಏಳಕ್ಕ, ಕೈ ಕೊಡು" ಎಂದ ಹಾಜಿ.

"ಕುರ್ಚಿ ಒಳಗಿಡಿ. ಉಳಿ ಸುತ್ತಿಗೆ ತನ್ನಿ."

"ಎಲ್ಲರ ಮುಂದೆ ಅವಮಾನ ಮಾಡ್ಬೇಡಕ್ಕ."

"ಎರಡು ಸಲ ಬಿದ್ನಲ್ಲ, ಆಗ ಆಗ್ಲಿಲ್ವಾ ನಿಮ್ಗೆ ಅವಮಾನ? ಕೂತ್ರೆ ಆಯ್ತಾ?"

ಮಹ್ರೂಸ್ ನಕ್ಕ. "ಹಟ ಬಿಡಮ್ಮ. ಬಿದ್ದೋರು ಏಳ್ಬೇಕು, ಅದು ಪದ್ಧತಿ."

ಅವಳು ಎಡಗೈ ಚಾಚಿ ತೋರಿಸಿದಳು. ಬೆರಳುಗಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. "ಇದು ಇನ್ನೊಂದ್ಸಲ ಮುರಿದ್ರೆ ಉಳಿದಿರೋ ಆ ಆರು ಮನೆಯೋರೂ ಸೂಜಿಗೆ ತೋಳು ಕೊಡಲ್ಲ. ನಿನ್ನ ತೋಳು ಕೊಡ್ತೀಯೇನೋ ಈ ಕೈಗೆ?"

ಮಹ್ರೂಸ್ ತೋಳು ಹಿಂದಕ್ಕೆಳೆದುಕೊಂಡ.

ಮಧ್ಯಾಹ್ನದ ಬಾಂಗು ಆಯಿತು. ನಿವೃತ್ತ ಟ್ರಾಮ್ ಚಾಲಕ ಮುದುಕ ಲಬೀಬ್ ತನ್ನ ಇನ್ಸುಲಿನ್ ಹಿಡಿದು, ಗೋಡೆ ತಡವುತ್ತಾ ಅವಳನ್ನೇ ಹುಡುಕಿಕೊಂಡು ಬಂದ. ಅಮೃತಶಿಲೆಯ ಅಂಚಿನಲ್ಲಿ ನಿಂತು ಕಾಲಿಡಲೋ ಬೇಡವೋ ಎಂದು ನೋಡಿದ. "ಅಲ್ಲೇ ಇರಿ ಚಾಚಾ, ಬರ್ಬೇಡಿ!" ಎಂದು ಕೂಗಿದ್ದು ಸನಿಯ್ಯಳಲ್ಲ, ಹಾಜಿ. ಕೂಗಿದ ಮೇಲೆ ತನ್ನ ಬಾಯಿಂದಲೇ ಬಂದ ಮಾತು ಅವನಿಗೆ ಕೇಳಿಸಿತು. ಆಮೇಲೆ ಕಲ್ಲುಕುಟಿಗನಿಗೆ ಫೋನ್ ಮಾಡಿದ.

ಮೊದಲ ಏಟು ಬಿದ್ದಾಗ ಹಾಜಿ ಮುಖ ತಿರುಗಿಸಿಕೊಂಡ. ಸನಿಯ್ಯ ತಾನೇ ನೆಲಕ್ಕೆ ಕೈಯೂರಿ ಎದ್ದಳು, ಸಿರಿಂಜುಗಳನ್ನು ಆರಿಸಿಕೊಂಡು ಲಬೀಬನ ಕಡೆ ನಡೆದಳು.

ಈಗ ಅಲ್ಲಿ ಯಾರೂ ಬೀಳುವುದಿಲ್ಲ. ಕುರ್ಚಿಯ ಮೇಲೆ ಬೆಕ್ಕು ಮಲಗುತ್ತದೆ. ಹಾಜಿಯ ದಯೆಯ ಕಥೆ ಹೇಳುವವರಿಲ್ಲ, ಬೀಳದವನು ಯಾರಿಗೆ ತಾನೆ ಕೃತಜ್ಞತೆ ಹೇಳಿಯಾನು? ಸನಿಯ್ಯಳನ್ನು ಮಾತ್ರ ಬೀದಿ ಇವತ್ತಿಗೂ ನೆನೆಯುತ್ತದೆ: "ಉಪಕಾರಗೇಡಿ. ಅಷ್ಟು ಚೆಂದದ ಕಲ್ಲು ಕೆಡಿಸಿದ್ಳು." ಹಾಗೆನ್ನುತ್ತಲೇ ಅದೇ ಕಲ್ಲಿನ ಮೇಲೆ ಧೈರ್ಯವಾಗಿ ನಡೆದುಹೋಗುತ್ತದೆ.

ನಿಮ್ಮ ಬಾಗಿಲ ಮುಂದೆಯೂ ಒಂದು ಕಲ್ಲಿದೆ. ಅಲ್ಲಿ ಯಾರು ಬಿದ್ದರೆಂಬುದೂ ನಿಮಗೆ ಗೊತ್ತು, ನೀರು ಕೊಟ್ಟವರು ನೀವೇ ತಾನೆ. ಸಕ್ಕರೆ ಡಬ್ಬಿ ಮುಚ್ಚಿಡಿ. ಉಳಿ ತೆಗೆದುಕೊಂಡು ಹೊರಗೆ ಬನ್ನಿ.