ಬಾಯ್ತುಂಬ ಕರೆದ ಒಂದು ತಾಸು

ಗಿರಿಜಾದೇವಿಯವರು ವಲಸೆ ಇಲಾಖೆಯ ದೊಡ್ಡ ಅಧಿಕಾರಿ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ಲಂಡನ್ನಿನ ಕಿಂಗ್ಸ್‌ಬರಿಯ ಬಾಡಿಗೆ ಹಾಲ್‌ನಲ್ಲಿ ನಮ್ಮ ಕನ್ನಡ ಕೂಟದ ಯುಗಾದಿ ಊಟ. ಸಾಲಿನಲ್ಲಿ ನನ್ನ ಮುಂದಿದ್ದ ಇಳಕಲ್ ಸೀರೆಯ ಹೆಂಗಸು ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಯಾರಿಗೋ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುತ್ತಿದ್ದರು. “ಯಾರವನು? ಎಲ್ಲಿಂದ ಬಂದವನು? ತಾರೀಖೇ ಇಲ್ಲವೇ? ಅವನ ಮಾತಿಗೆ ಬೇರೆ ಸಾಕ್ಷಿ ಯಾರು? ಯಾರೂ ಇಲ್ಲವಾದರೆ ಅವನನ್ನು ತೆಗೆದುಹಾಕು.”

ನನ್ನ ಕಾಗದಪತ್ರಗಳೆಲ್ಲ ಸರಿಯಾಗಿಯೇ ಇವೆ. ಆದರೂ ಹೋಳಿಗೆಯ ಸಾಲು ಬಿಟ್ಟು ಕೋಸಂಬರಿಯ ಕಡೆ ಸರಿದುಕೊಂಡೆ. ಅಂದಿನಿಂದ ಅವರು ಎದುರಾದಾಗಲೆಲ್ಲ, ನಾನು ತೆರಿಗೆಯನ್ನು ಎಷ್ಟು ಪ್ರೀತಿಯಿಂದ ಕಟ್ಟುತ್ತೇನೆ ಎಂಬುದನ್ನು ಯಾರೂ ಕೇಳದಿದ್ದರೂ ಮಾತಿನ ಮಧ್ಯೆ ತೂರಿಸುತ್ತಿದ್ದೆ. ಕೊನೆಗೊಂದು ದಿನ ನನ್ನ ಹೆಂಡತಿ ಕೃಷ್ಣವೇಣಿ ಅವರನ್ನು ಪಿನ್ನರ್‌ನ ನಮ್ಮ ಮನೆಗೆ ಊಟಕ್ಕೆ ಕರೆದಳು. ನಾನು ಪಾಸ್‌ಪೋರ್ಟುಗಳನ್ನು ಶೋಕೇಸಿನಲ್ಲಿ ಕಾಣುವ ಹಾಗೆ ಜೋಡಿಸುತ್ತಿರುವುದು ಅವಳ ಕಣ್ಣಿಗೆ ಬಿತ್ತು.

“ಅಯ್ಯೋ ನಿಮ್ಮ! ಅವರು ಯೂನಿವರ್ಸಿಟಿ ಲೈಬ್ರರಿಯನ್ ರೀ! ಅವತ್ತು ಹೊರಗೆ ಹಾಕಿಸಿದ್ದು ಮನುಷ್ಯನನ್ನಲ್ಲ, ಯಾವುದೋ ಲೇಖನಾನ.”

ಹಾಗೆ ನಮ್ಮ ಪರಿಚಯ ಸರಿಯಾದ ದಾರಿಗೆ ಬಂತು. ವಿಜಯಪುರದ ಕಡೆಯವರು. ಧಾರವಾಡದಲ್ಲಿ ಗ್ರಂಥಾಲಯ ವಿಜ್ಞಾನ ಓದಿ, ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿರುವ ಜಗದೇವಪ್ಪನವರನ್ನು ಮದುವೆಯಾಗಿ ಕ್ರೋಯ್ಡನ್ನಿಗೆ ಬಂದವರು. ಮನೆಯಿಂದ ಟ್ರ್ಯಾಮ್ ಹಿಡಿದರೆ ಅವರ ಯೂನಿವರ್ಸಿಟಿ. ಯಾವುದು ಎಂದು ನಾನು ಬರೆಯುವಂತಿಲ್ಲ. “ಹೆಸರು ಹಾಕಬ್ಯಾಡ್ರಿ. ಹಾಕಿದ್ರ ಅದಕ್ಕೊಂದು ಕಮಿಟಿ ಮಾಡ್ತಾರ” ಎಂದು ತಾಕೀತಾಗಿದೆ.

ಲೈಬ್ರರಿಯನ್ ಎಂದರೆ ಪುಸ್ತಕ ಕೊಡುವವರು, ‘ಶ್’ ಎನ್ನುವವರು ಎಂದು ನಾನು ತಿಳಿದಿದ್ದೆ. ಆ ಎರಡನ್ನೂ ಈಗ ಯಂತ್ರಗಳು ಮಾಡುತ್ತವಂತೆ. ಗಿರಿಜಾದೇವಿಯವರ ಮುಖ್ಯ ಕೆಲಸ, ಪ್ರತಿ ವರ್ಷ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಒಂದು ತಾಸು ಪಾಠ ಮಾಡುವುದು. ಎಲ್ಲೋ ಓದಿದ್ದನ್ನು ಪ್ರಬಂಧಕ್ಕೆ ಸೇರಿಸುವ ಮೊದಲು ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು, ಹೇಳಿದ್ದರಿಂದ ಅವರಿಗೇನು ಲಾಭ ಎಂದು ಕೇಳಿಕೊಳ್ಳುವುದು ಹೇಗೆಂಬ ಪಾಠ.

“ಹುಡುಕೂದು ಅವರಿಗೆ ಗೊತ್ತದರಿ. ಅನುಮಾನ ಪಡೂದು ಕಲಿಸಬೇಕು” ಎಂದರು ಊಟದ ನಡುವೆ. “ಹಂಗಂತ ಎಲ್ಲಾದರ ಮ್ಯಾಲೂ ಅನುಮಾನ ಪಡೂದಲ್ಲ. ಅದು ನಮ್ಮ ಅತ್ತಿಯವರಿಗೂ ಬರ್ತಿತ್ತು.”

ಜಗದೇವಪ್ಪನವರು ತಟ್ಟೆಯಲ್ಲೇ ಕಣ್ಣಿಟ್ಟು ಸಾರು ಕಲಸಿಕೊಂಡರು.

ಹೋದ ಶರತ್ಕಾಲದಲ್ಲಿ ಆ ಒಂದು ತಾಸಿಗೇ ಕುತ್ತು ಬಂತು. ಅವರ ಡೀನ್ ಡಾಕ್ಟರ್ ಪೆಂಬರ್ಟನ್ ಒಳ್ಳೆಯ ಮನುಷ್ಯ. ಆದರೆ ‘ನನಗನ್ನಿಸುತ್ತದೆ’ ಎನ್ನುವ ಮಾತು ಅವರ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. ಅವರಿಗೆ ಏನೇ ಅನ್ನಿಸಿದರೂ ಅದು ‘ಸಂಶೋಧನೆಯಿಂದ ತಿಳಿದುಬಂದಿದೆ’ ಎಂದೇ ಹೊರಬರುತ್ತದೆ. ಅವರು ಎಲ್ಲರಿಗೂ ಒಂದು ಇಮೇಲ್ ಕಳಿಸಿದರು: ‘ಇಂದಿನ ಯುವಜನರಿಗೆ ಮಾಹಿತಿಯನ್ನು ಅಳೆದು ತೂಗುವ ಶಕ್ತಿ ಸಹಜವಾಗಿಯೇ ಇದೆಯೆಂದು ಸಂಶೋಧನೆಯಿಂದ ತಿಳಿದುಬಂದಿದೆ. ಆದ್ದರಿಂದ ಈ ತರಗತಿಯ ಬದಲು ಒಂದು ವಿಡಿಯೋ ಸಾಕು.’

ಗಿರಿಜಾದೇವಿ ಹೋಗಿ ವಾದಿಸಿದರು. ಡೀನ್ ಒಂದು ಅವಕಾಶ ಕೊಟ್ಟರು. ಬುಧವಾರ ಮಧ್ಯಾಹ್ನ ಒಂದು ತರಗತಿ ಮಾಡಲಿ, ಯಾರಿಗೂ ಕಡ್ಡಾಯವಿಲ್ಲ. ತಾವೂ ಬಂದು ಕೂಡುತ್ತಾರೆ. ಕೋಣೆ ತುಂಬಿದರೆ ತಾಸು ಉಳಿಯಿತು, ಇಲ್ಲವಾದರೆ ವಿಡಿಯೋ. ಬುಧವಾರ ಮಧ್ಯಾಹ್ನ ಇಲ್ಲಿನ ಯೂನಿವರ್ಸಿಟಿಗಳಲ್ಲಿ ಆಟಕ್ಕೆ ಬಿಟ್ಟ ಹೊತ್ತು. ಬೇರೆ ಹೊತ್ತಿಗೆ ಕೋಣೆ ಖಾಲಿ ಇಲ್ಲ ಎಂದು ಅವರ ಕಚೇರಿ ಹೇಳಿತು.

ಲೈಬ್ರರಿಯಿಂದ ಇಮೇಲುಗಳು ಹೋದವು. ಗೋಡೆಗೆ ಪೋಸ್ಟರ್ ಬಂತು. ಬಂದ ಮೊದಲ ಉತ್ತರವನ್ನು ಉತ್ಸಾಹದಿಂದ ತೆರೆದು ನೋಡಿದರೆ, ‘ನಾನು ರಜೆಯಲ್ಲಿದ್ದೇನೆ’ ಎಂದು ಕಂಪ್ಯೂಟರ್ ತಾನಾಗಿ ಕಳಿಸಿದ್ದು.

ಆ ಸಂಜೆ ಮನೆಯಲ್ಲಿ ಗಿರಿಜಾದೇವಿ ಗಂಡನಿಗೆ ಹೇಳಿದರಂತೆ: “ತಪ್ಪು ನಮ್ದ ಅದರಿ. ಲಗ್ನಪತ್ರಿಕಾ ಟಪಾಲಿಗೆ ಹಾಕಿ ಮನ್ಯಾಗ ಕುಂತ್ರ ಯಾರ್ ಬರ್ತಾರ?”

ಅವರ ಕಡೆ ಲಗ್ನಪತ್ರಿಕೆ ಬರಿಯ ತಿಳುವಳಿಕೆಗೆ. ಮನೆಯವರು ಖುದ್ದಾಗಿ ಹೊಸ್ತಿಲಿಗೆ ಬಂದು ಕುಂಕುಮ ಹಚ್ಚಿ ಬಾಯ್ತುಂಬ ಕರೆದರೆ ಮಾತ್ರ ಅದು ಕರೆ. ಹಾಗೆ ಕರೆಯಿಸಿಕೊಳ್ಳದವರು ಮದುವೆಗೆ ಬರುವುದಿಲ್ಲ, ಬರದ ಕಾರಣವನ್ನು ಆ ಮದುವೆಯ ಮಕ್ಕಳ ಮದುವೆಯವರೆಗೂ ಹೇಳುತ್ತಾರೆ.

“ಇದು ಇಂಗ್ಲೆಂಡ್ ಅದ” ಎಂದರು ಜಗದೇವಪ್ಪ.

“ಇರಲಿ. ಕರಸ್ಕೊಳ್ಳೂ ಆಸೆ ಎಲ್ಲಾ ಊರಾಗೂ ಒಂದ ಅದ.”

ಮರುದಿನದಿಂದ ಅವರು ಮಧ್ಯಾಹ್ನವಾದರೆ ಕುರ್ಚಿ ಬಿಟ್ಟು ಹೊರಟರು. ಕಾಫಿ ಸಾಲಿನಲ್ಲಿ, ಲಿಫ್ಟಿನಲ್ಲಿ, ಕೆಟ್ಟು ನಿಂತ ಪ್ರಿಂಟರ್ ಮುಂದೆ, ಟ್ರ್ಯಾಮ್ ನಿಲ್ದಾಣದಲ್ಲಿ ಸಿಕ್ಕವರನ್ನೆಲ್ಲ ಹೆಸರು ಕೇಳಿ ಕರೆದರು. ಮಾತು ಇಂಗ್ಲಿಷು, ಕ್ರಮ ವಿಜಯಪುರದ್ದು: ಬುಧವಾರ ನಮ್ಮಲ್ಲೊಂದು ಕಾರ್ಯಕ್ರಮ, ನೀನು ಬರಲೇಬೇಕು, ಗೆಳತಿಯನ್ನೂ ಕರೆತಾ, ಮನೆಯವರಿದ್ದರೆ ಅವರೂ ಬರಲಿ. ಕುಂಕುಮವೊಂದನ್ನು ಬಿಟ್ಟರು. ಫುಟ್‌ಬಾಲ್ ತಂಡದ ಹುಡುಗ ಮ್ಯಾಚ್ ಇದೆಯೆಂದ. ಮುಗಿಸಿಕೊಂಡು ಹಾಗೇ ಬಾ, ಬಟ್ಟೆ ಬದಲಿಸುವುದು ಬೇಡ ಎಂದರು.

ನನ್ನನ್ನೂ ಕರೆದರು. ಉದ್ಘಾಟನಾ ಭಾಷಣಕ್ಕೆ ನಾನು ಸಿದ್ಧನಿದ್ದೇನೆ ಎಂದು ಸೂಚಿಸಿದೆ. “ನೀವು ಬಂದು ಒಂದು ಕುರ್ಚಿ ತುಂಬಿಸ್ರಿ, ಸಾಕು” ಎಂದರು.

ಬುಧವಾರ ನಾನು ಹೋದಾಗ ಲೈಬ್ರರಿಯ ಕೋಣೆಯಲ್ಲಿ ಡೀನ್ ಒಬ್ಬರೇ ಹಿಂದಿನ ಸಾಲಿನಲ್ಲಿ ಕೂತು, ಸಾವಿನ ಮನೆಗೆ ಬಂದವರ ಮರ್ಯಾದೆಯಿಂದ ಗಡಿಯಾರ ನೋಡುತ್ತಿದ್ದರು. ಗಿರಿಜಾದೇವಿ ಬಾಗಿಲಲ್ಲೇ ನಿಂತಿದ್ದರು. ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು.

ಆಮೇಲೆ ಬರತೊಡಗಿದರು. ಇಬ್ಬರು, ನಾಲ್ವರು, ಒಂದು ಗುಂಪು. ಫುಟ್‌ಬಾಲ್ ತಂಡ ಮಂಡಿಯ ಕೆಸರಿನ ಸಮೇತ ಬಂತು. ನರ್ಸಿಂಗ್ ಓದುವ ಅಬೆನಾ ಎಂಬ ಹುಡುಗಿ ನಿಜವಾಗಿಯೂ ತಾಯಿಯನ್ನು ಕರೆತಂದಿದ್ದಳು. ಘಾನಾ ಮೂಲದ ಆ ತಾಯಿ ಚರ್ಚಿನ ಉಡುಪು ಧರಿಸಿ, ತಲೆಗೆ ಭವ್ಯವಾದ ವಸ್ತ್ರ ಕಟ್ಟಿ, ಕೈಯಲ್ಲಿ ಉಡುಗೊರೆಯ ಪೊಟ್ಟಣ ಹಿಡಿದು ಬಂದಿದ್ದರು. ಕರೆದ ಮನೆಗೆ ಬರಿಗೈಯಲ್ಲಿ ಹೋಗುವುದು ಅವರಲ್ಲೂ ಇಲ್ಲವಂತೆ. ಕುರ್ಚಿ ಸಾಲದೆ ಡೀನ್ ತಮ್ಮದನ್ನು ಅವರಿಗೆ ಕೊಟ್ಟು ನಿಂತುಕೊಂಡರು.

ಗಿರಿಜಾದೇವಿ ಬೋರ್ಡಿನ ಮೇಲೆ ಒಂದೇ ವಾಕ್ಯ ಬರೆದರು. ಡೀನರ ಇಮೇಲಿನ ವಾಕ್ಯ, ಕೆಳಗೆ ಡೀನರ ಹೆಸರು. ಬಾಗಿಲು ಎಷ್ಟು ದೂರವಿದೆ ಎಂದು ನಾನು ನೋಡಿಕೊಂಡೆ. ಮುಂಚೆಯೇ ಅಪ್ಪಣೆ ಕೇಳಿದ್ದರು ಎಂದು ಆಮೇಲೆ ತಿಳಿಯಿತು. ಡೀನ್ ಸಂತೋಷದಿಂದ ಒಪ್ಪಿದ್ದರಂತೆ. ನಾಲ್ಕು ಜನ ಬರೆದುಕೊಳ್ಳಲಿ ಎಂದುಕೊಂಡಿರಬೇಕು.

“ಈ ಸಂಶೋಧನೆ ಮಾಡಿದವರು ಯಾರು? ಹುಡುಕಿ” ಎಂದರು ಗಿರಿಜಾದೇವಿ.

ಫುಟ್‌ಬಾಲ್ ಮೇಜಿನವರು ಕೃತಕ ಬುದ್ಧಿಮತ್ತೆಯನ್ನು ಕೇಳಿದರು. ಅದು ಕ್ಷಣದಲ್ಲಿ ಪುಸ್ತಕ, ಲೇಖಕ, ಇಸವಿ, ಪುಟ ಎಲ್ಲ ಕೊಟ್ಟಿತು. ಗೋಲು ಹೊಡೆದ ಹಾಗೆ ಕೂಗಿದರು.

“ಭೇಷ್. ಆ ಪುಸ್ತಕ ತೆಗೆದುಕೊಂಡು ಬನ್ನಿ.”

ಕಪಾಟುಗಳ ನಡುವೆ ಹೋದ ಹುಡುಗ ಜೋಲುಮುಖದಲ್ಲಿ ಬಂದ. ಪುಸ್ತಕ ಇಲ್ಲಿಲ್ಲ, ದೇಶದ ಯಾವ ಲೈಬ್ರರಿಯಲ್ಲೂ ಇಲ್ಲ. ಲೇಖಕರಂತೂ ಹುಟ್ಟುವ ತೊಂದರೆಯನ್ನೇ ತೆಗೆದುಕೊಂಡಿರಲಿಲ್ಲ.

“ಆಫ್‌ಸೈಡ್, ಗೋಲು ರದ್ದು” ಎಂದ ಅವನ ಗೆಳೆಯ.

ಉಳಿದವರು ಹೊಳೆಯ ಮೂಲ ಹುಡುಕುವವರಂತೆ ಮೇಲಕ್ಕೆ ಹೊರಟರು. ವಾಕ್ಯ ಇನ್ನೊಂದು ಯೂನಿವರ್ಸಿಟಿಯ ವರದಿಯಲ್ಲಿತ್ತು. ವರದಿಗೆ ಬಂದದ್ದು ಪತ್ರಿಕೆಯ ಅಂಕಣದಿಂದ. ಅಂಕಣಕ್ಕೆ ಎಲ್ಲಿಂದ? ಅಬೆನಾ ಕಂಪ್ಯೂಟರಿನಲ್ಲಿ ಪುಟ ಸರಿಸುತ್ತಿದ್ದಳು. ಡೀನ್ ಕನ್ನಡಕ ಹಾಕಿಕೊಂಡು ಅವಳ ಹಿಂದೆ ಬಗ್ಗಿ “ಅದರ ಕೆಳಗೆ ನೋಡು, ಕೆಳಗೆ” ಎನ್ನುತ್ತಿದ್ದರು. ಕೊನೆಗೆ ಸಿಕ್ಕಿತು: ಫೋನ್ ಕಂಪನಿಯೊಂದರ ಹಳೆಯ ಜಾಹೀರಾತು. ಅಲ್ಲಿಂದ ಮುಂದೆ ದಾರಿಯಿರಲಿಲ್ಲ.

“ಹಾಗಾದರೆ ಸಂಶೋಧನೆ ಮಾಡಿದ್ದು ಯಾರು?” ಎಂದು ಅಬೆನಾಳ ತಾಯಿ ಮುಗ್ಧವಾಗಿ ಕೇಳಿದರು.

ಮೊದಲು ನಕ್ಕವರು ಡೀನ್. ಅದನ್ನು ಅವರ ಲೆಕ್ಕಕ್ಕೆ ಬರೆಯಲೇಬೇಕು. ತಾಸು ಮುಗಿದರೂ ಅವರು ಮೇಜು ಬಿಟ್ಟೇಳಲಿಲ್ಲ.

ಲೈಬ್ರರಿಯೊಳಗೆ ತಿಂಡಿ ನಿಷೇಧ. ಹೊರಗೆ ಮೆಟ್ಟಿಲ ಮೇಲೆ ಜಗದೇವಪ್ಪನವರು ಡಬ್ಬಿಗಳಲ್ಲಿ ಶೇಂಗಾ ಹೋಳಿಗೆ ಹಿಡಿದು ಕಾಯುತ್ತಿದ್ದರು. “ಕರದ ಮ್ಯಾಲೆ ಹಂಗ ಕಳಸ್ತಾರೇನ್ರಿ?” ಎಂದು ನನಗೆ ಹೇಳುತ್ತ ಕೆಸರು ಮಂಡಿಯವರಿಗೆ ಎರಡೆರಡು ಕೊಟ್ಟರು.

ತಾಸು ಉಳಿಯಿತು. ಮರುವಾರ ಡೀನರ ಇಮೇಲ್ ಬಂತು: ಈ ತರಗತಿಯ ಮಹತ್ವವನ್ನು ತಾವು ಮೊದಲಿನಿಂದಲೂ ಎತ್ತಿಹಿಡಿದಿದ್ದಾಗಿ.

“‘ಮೊದಲಿನಿಂದಲೂ’ ಅನ್ನೂದಕ್ಕ ಆಧಾರ ಕೇಳಬೇಕಂತ ಕೈ ತುರಸ್ತಿತ್ತು” ಎಂದರು ಗಿರಿಜಾದೇವಿ. “ಹೋಗಲಿ ಅಂತ ಬಿಟ್ಟೆ.”

ಮೊನ್ನೆ ಕಿಂಗ್ಸ್‌ಬರಿಯಲ್ಲಿ ಅವರು ಬಡಿಸುತ್ತಿದ್ದರು, ನಾನು ತಟ್ಟೆ ಹಿಡಿದಿದ್ದೆ. ನಿಮ್ಮ ಬಗ್ಗೆ ಬರೆಯುತ್ತಿದ್ದೇನೆ ಎಂದು ಗಂಭೀರವಾಗಿ ತಿಳಿಸಿ ಕೇಳಿದೆ: “ಇಡೀ ಲಂಡನ್ನಿನಲ್ಲೇ ನಿಮ್ಮಂಥ ಕ್ಲಾಸ್ ಇನ್ನೊಂದಿಲ್ಲ ಅಂತ ಎಲ್ಲರೂ ಹೇಳ್ತಾರೆ. ಹಾಗಂತ ಬರೆದುಬಿಡಲಾ ಮೇಡಂ?”

ಅವರು ಸೌಟನ್ನು ಅಲ್ಲೇ ನಿಲ್ಲಿಸಿದರು.

“ಎಲ್ಲಾರೂ ಅಂದ್ರ ಯಾರ್‍ರಿ? ನೀವೊಬ್ಬರ ಹೇಳೀರಿ. ನಿಮ್ಮ ಹೆಸರು ಹಾಕ್ಕೊಂಡು ಬರೀರಿ.”